ಗೋಡೆಗೆ ಮುಖ ಮಾಡಿದ ಹಲಗೆ

ಹಲಗೆ ಇದ್ದ ಜಾಗದಲ್ಲೇ ಇತ್ತು. ಚಿತ್ರ ಮಾತ್ರ ಇರಲಿಲ್ಲ.

ತಾನು ಬೇರೆ ಯಾವುದೋ ಹಲಗೆ ತಿರುಗಿಸಿರಬೇಕು ಎಂದುಕೊಂಡಳು ಗಂಗಾಶ್ರೀ. ಆದರೆ ಶೆಡ್ಡಿನ ಹಿಂಗೋಡೆಗೆ ಒರಗಿದ್ದದ್ದು ಒಂದು ಜೀಪಿನ ಬಾಗಿಲು, ಟ್ರ್ಯಾಕ್ಟರಿನ ಎರಡು ಮಡ್‌ಗಾರ್ಡು, ಈ ಪ್ಲೈವುಡ್ ಹಲಗೆ, ಅಷ್ಟೇ. ಹಲಗೆಯ ಬೆನ್ನ ಮೇಲೆ ಅವಳೇ ಪೆನ್ಸಿಲ್ಲಿನಲ್ಲಿ ಬರೆದಿದ್ದ ಹೆಸರೂ ಇತ್ತು. ಮುಂಭಾಗದಲ್ಲಿ ಮಾತ್ರ, ಆರಡಿ ಉದ್ದಕ್ಕೂ ನಾಲ್ಕಡಿ ಅಗಲಕ್ಕೂ, ಒಂದೇ ಸಮನೆ ಬೂದು ಪ್ರೈಮರ್. ಬೆರಳಿಟ್ಟರೆ ಜಾರುತ್ತಿತ್ತು.

ಇಪ್ಪತ್ಮೂರು ದಿನದ ಕೆಲಸ. ಹದಿನಾಲ್ಕು ಪದರ ಬಣ್ಣ.

ಕಂಪ್ರೆಸರಿನ ಪಕ್ಕ ಯಾರೋ ಕುಕ್ಕರುಗಾಲಲ್ಲಿ ಕೂತು ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದರು. ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಮೂಗಿನವರೆಗೂ ಕಟ್ಟಿದ ಟವೆಲ್ಲು.

"ಅಜ್ಜಾರೇ, ಈ ಹಲಗೆ ಯಾರು ಮುಟ್ಟಿದ್ದು ಹೇಳ್ರಿ."

ಅಜ್ಜ ಎದ್ದು ನಿಂತರು. ಟವೆಲ್ಲು ಕೆಳಗೆಳೆದರು. ಅದರ ಅಡಿಯಲ್ಲಿ ಕಪ್ಪು ಮೀಸೆ, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸಿನ ಮುಖ. ಬಿಳುಪೆಲ್ಲ ಬಣ್ಣ ಉಜ್ಜಿದ ಪುಡಿ.

"ನಾನೇ," ಎಂದ ಅವನು. ಆಮೇಲೆ, ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಇದಕ್ಕೇ, ಸ್ವಲ್ಪ ಹೆಮ್ಮೆಯಿಂದಲೇ ಕೇಳಿದ, "ಹೆಂಗೆ ಬಂದಿದೆ? ಎರಡು ದಿನ ಹಿಡೀತು ಮಾರಾಯ್ರೆ. ಯಾರೋ ಪಾಪ, ಗೊತ್ತಿಲ್ದವರು ಪೇಂಟ್ ಹೊಡ್ದಿದ್ರು ಕಾಣ್ತದೆ. ಒಂದರ ಮೇಲೆ ಒಂದು, ಒಂದರ ಮೇಲೆ ಒಂದು..."

"ಆ ಗೊತ್ತಿಲ್ದವಳು ನಾನೇ ರೀ."

ಅವನ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಹಲಗೆಯನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಹಲಗೆಯನ್ನು ನೋಡಿದ.

ಶಿಕಾರಿಪುರದ ಶಿರಾಳಕೊಪ್ಪ ರಸ್ತೆಯಲ್ಲಿರುವ ಈ ಗಾಡಿ ಪೇಂಟಿಂಗ್ ಅಂಗಡಿ ಶೌಕತ್ ಅಲಿಯವರದ್ದು. ಗಂಗಾಶ್ರೀ ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿದ್ದಳು, ಕೊನೆಯ ವರ್ಷ. ಪ್ರದರ್ಶನಕ್ಕೆ ಒಂದು ದೊಡ್ಡ ಚಿತ್ರ ಮಾಡಲೇಬೇಕು ಎಂದು ಊರಿಗೆ ಬಂದರೆ, ಉಡುತಡಿಯ ಮನೆಯಲ್ಲಿ ತಾಯಿ ರಾಜೇಶ್ವರಮ್ಮ ಥಿನ್ನರ್ ವಾಸನೆಗೆ ಮೂಗು ಮುಚ್ಚಿಕೊಂಡು, "ಇದಕ್ಕೆ ಎಮ್ಮೆ ಹಾಲು ಕೊಡೋದೇ ನಿಲ್ಲಿಸ್ತಾವೆ ನೋಡು," ಎಂದಿದ್ದರು. ತಂದೆ ಗುರುಮಲ್ಲಪ್ಪ ತಮ್ಮ ಟ್ರ್ಯಾಕ್ಟರಿಗೆ ಬಣ್ಣ ಹೊಡೆಸುವುದು ಶೌಕತ್ ಅಲಿಯವರ ಹತ್ತಿರ. ಆ ಪರಿಚಯದಿಂದ ಹಿಂದಿನ ತಗಡಿನ ಶೆಡ್ಡು ಮಗಳಿಗೆ ಸಿಕ್ಕಿತ್ತು.

ಮಾತು ಕೇಳಿ ಶೌಕತ್ ಅಲಿ ಒಳಗೆ ಬಂದರು. ಮೂರು ದಿನ ಸಾಗರದಲ್ಲಿ ನೆಂಟರ ಮದುವೆ ಮುಗಿಸಿ ಆಗಷ್ಟೇ ಅಂಗಡಿ ತೆರೆದಿದ್ದರು. ಬೂದು ಹಲಗೆ ಕಂಡು ತಲೆಯ ಮೇಲೆ ಕೈಯಿಟ್ಟುಕೊಂಡರು.

"ಚನ್ನೇಶಾ! ಅರೆ, ಏನು ಮಾಡಿಟ್ಟೆಯೋ?"

"ಉಸ್ತಾದ್, ಗೋಡೆಗೆ ಮುಖ ಮಾಡಿ ಇಟ್ಟಿತ್ತು," ಎಂದ ಅವನು ಸಣ್ಣ ದನಿಯಲ್ಲಿ. "ಹಿಂದೆ ಹೆಸರಿತ್ತು. ಗಿರಾಕಿ ಹೆಸರು ಅಂದ್ಕೊಂಡೆ."

ಶೌಕತ್ ಅಲಿ ನಿಟ್ಟುಸಿರು ಬಿಟ್ಟು ಗಂಗಾಶ್ರೀಯ ಕಡೆ ತಿರುಗಿದರು. "ಬೇಟಿ, ಇಲ್ಲಿ ಅದೊಂದು ಕಾನೂನು. ಮೂವತ್ತು ವರ್ಷದಿಂದ ಇದೆ. ಮುಖ ಹೊರಗಿದ್ರೆ ಕೆಲಸ ಮುಗಿದಿದೆ, ಒಣಗ್ತಾ ಇದೆ, ಯಾರೂ ಮುಟ್ಟಂಗಿಲ್ಲ. ಮುಖ ಗೋಡೆಗಿದ್ರೆ ಹಳೇ ಬಣ್ಣ ಪೂರ್ತಿ ಉಜ್ಜಿ ಪ್ರೈಮರ್ ಹೊಡೀಬೇಕು. ಇವನು ಒಂದು ತಿಂಗಳು ಸೊರಬದಲ್ಲಿದ್ದ, ಶನಿವಾರ ಬಂದಿದಾನೆ. ನಿನ್ನ ವಿಷಯ ಹೇಳೋಕೆ ನಾನೇ ಇರಲಿಲ್ಲ. ನೀನ್ಯಾಕಮ್ಮ ಗೋಡೆಗೆ ತಿರುಗಿಸಿ ಹೋದೆ?"

ಗಂಗಾಶ್ರೀಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅವಳಿಗೆ ಕಲಿಸುವ ಶಕುಂತಲಮ್ಮ ಮೇಡಂ ನಲವತ್ತು ವರ್ಷದಿಂದ ಅಮೂರ್ತ ಚಿತ್ರ ಬರೆಯುತ್ತಿದ್ದವರು. ಅವರದ್ದೂ ಒಂದು ಕಾನೂನಿತ್ತು. ಚಿತ್ರ ಮುಗಿಯಿತು ಅನ್ನಿಸಿದ ಕೂಡಲೇ ಗೋಡೆಗೆ ತಿರುಗಿಸಿಟ್ಟುಬಿಡು, ಐದು ದಿನ ನೋಡಬೇಡ, ಆಗ ಕಣ್ಣು ಹೊಸದಾಗುತ್ತೆ.

ಇವತ್ತು ಐದನೆಯ ದಿನ. ಕಣ್ಣು ಹೊಸದಾಗಿತ್ತು, ನೋಡಲು ಚಿತ್ರವಿರಲಿಲ್ಲ.

ಅವಳು ಹೊರಗೆ ಹೋಗಿ ಲಾರಿ ಟೈರೊಂದರ ಮೇಲೆ ಕುಳಿತಳು. ಪ್ರದರ್ಶನಕ್ಕೆ ಹನ್ನೊಂದು ದಿನ. ಈ ಚಿತ್ರ ಇಲ್ಲದಿದ್ದರೆ ವರ್ಷವೇ ಹೋಗುತ್ತದೆ. ಇನ್ನೊಂದು ವರ್ಷ ಓದುತ್ತೇನೆ ಎಂದು ಅಪ್ಪನ ಮುಂದೆ ನಿಂತು ಕೇಳುವ ಮುಖ ಅವಳಿಗಿರಲಿಲ್ಲ. ಬಣ್ಣ ಬಳಿಯಲು ದಾವಣಗೆರೆ ಯಾಕೆ ಎಂದು ಕೇಳಿದ ಅರ್ಧ ಊರಿಗೆ ಉತ್ತರ ಕೊಟ್ಟು ಕೊಟ್ಟು ಅವರು ಆಗಲೇ ಸುಸ್ತಾಗಿದ್ದರು.

ಅಂಗಡಿಯ ಪಕ್ಕದ ಮನೆಯಿಂದ ಶೌಕತ್ ಅಲಿಯವರ ಹೆಂಡತಿ ಅಫ್ಸರ್ ಬೇಗಂ ಚಹಾ ತಂದು ಅವಳ ಕೈಗಿಟ್ಟು, ಏನೂ ಕೇಳದೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಎದುರಲ್ಲಿ ಯಾರೋ ಬಂದು ನಿಂತರು. ಅವಳು ತಲೆಯೆತ್ತಲಿಲ್ಲ. ಬಣ್ಣ ಮೆತ್ತಿದ ಚಪ್ಪಲಿ ಕಂಡಿತು. ಚಹಾ ಆರಿತು. ಚಪ್ಪಲಿ ಅಲ್ಲೇ ಇತ್ತು.

"ಎಷ್ಟೊತ್ತು ನಿಲ್ತೀರಿ?"

"ಗೊತ್ತಿಲ್ಲ."

"ಏನಾದ್ರೂ ಹೇಳೋದಿದ್ರೆ ಹೇಳ್ರಿ. ಇಲ್ಲಾಂದ್ರೆ ಹೋಗ್ರಿ."

ಅವನು ಹೋಗಲಿಲ್ಲ. ಆಮೇಲೆ ಹೇಳಿದ, "ಹದಿನಾಲ್ಕು ಪದರ ಇತ್ತು."

ಅವಳು ತಲೆಯೆತ್ತಿದಳು.

"ಎಲ್ಲಕ್ಕಿಂತ ಮೇಲೆ ಬಿಳಿ. ಬಿಳಿ ಅಂದ್ರೆ ಬಿಳಿ ಅಲ್ಲ, ಹಾಲು ಆರಿದ ಮೇಲೆ ಕೆನೆ ಕಟ್ತದಲ್ಲ, ಅದು. ಅದರಡಿ ಬೂದು. ಅದರಡಿ ಒಂಚೂರು ಕಾವಿ, ಬಲಗಡೆ ಮಾತ್ರ." ಅವನು ಅಂಗೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದ, ಹಲಗೆ ಎದುರಿಗಿದ್ದ ಹಾಗೆ. "ಆರನೇದು ಹಳದಿ. ಎಡಗಡೆ ಮೇಲೆ ಒಂದು ಅಂಗೈಯಗಲ. ಅಲ್ಲಿ ನಂಗೆ ಕೈ ನಿಂತೇ ಹೋಯ್ತು."

"ನಿಂತಿದ್ದ ಕೈ ಹಂಗೇ ನಿಲ್ಲಿಸಬಾರದಿತ್ತೇನ್ರೀ?"

"ಉಜ್ಜೋದು ಅರ್ಧಕ್ಕೆ ಬಿಟ್ರೆ ಉಸ್ತಾದ್ ಬೈತಾರೆ." ಅವನು ನಗಲಿಲ್ಲ. "ಎಲ್ಲಕ್ಕಿಂತ ಕೆಳಗೆ ಹಸಿರಿತ್ತು. ಗುಡವಿ ಕೆರೆ ಹಸಿರು. ಅಲ್ದಾ?"

ಗಂಗಾಶ್ರೀಯ ಕೈಯಲ್ಲಿದ್ದ ಲೋಟ ವಾಲಿ ಆರಿದ ಚಹಾ ಮಣ್ಣಿಗೆ ಚೆಲ್ಲಿತು.

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೋದ ಸೆಪ್ಟೆಂಬರಿನಲ್ಲಿ ತರಗತಿಯವರೆಲ್ಲ ಗುಡವಿಯ ಪಕ್ಷಿಧಾಮಕ್ಕೆ ಹೋಗಿದ್ದಾಗ, ಏನು ಕಂಡು ಬೆದರಿದವೋ, ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದಿದ್ದವು. ಎಲ್ಲರೂ ಮೊಬೈಲ್ ಎತ್ತಿ ಆಕಾಶ ಹಿಡಿದರು. ಅವಳು ನೀರನ್ನೇ ನೋಡುತ್ತ ನಿಂತಳು. ಹಕ್ಕಿ ಎದ್ದು ಹೋದ ಮೇಲಿನ ನೀರು. ಅವಳು ಬರೆಯಹೊರಟದ್ದು ಅದನ್ನು. ಕಾಲೇಜಿನಲ್ಲಿ ಅದರ ಸಣ್ಣ ಪ್ರಯತ್ನಗಳನ್ನು ನೋಡಿದವರು ಪರದೆ ಎಂದರು, ಗೋಡೆ ಎಂದರು, ಒಬ್ಬಳು ಮ್ಯಾಪಾ ಎಂದು ಕೇಳಿದಳು. ಆ ಹಸಿರನ್ನಂತೂ ಹದಿಮೂರು ಪದರದ ಕೆಳಗೆ ಹೂತು ಅವಳೇ ಮರೆತಿದ್ದಳು.

"ಹೆಂಗೆ ಗೊತ್ತಾಯ್ತು?"

"ನಮ್ಮೂರು ಸೊರಬ. ಆ ಕೆರೆ ನೋಡ್ಕೊಂಡೇ ದೊಡ್ಡವನಾಗಿದ್ದು." ಚನ್ನೇಶ ತನ್ನ ಕಾಲ ಬೆರಳು ನೋಡಿಕೊಂಡ. "ತಪ್ಪಾಯ್ತು ರೀ."

ಅವಳ ಚಿತ್ರವನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ನೋಡಿದವನು ಲೋಕದಲ್ಲಿ ಒಬ್ಬನೇ, ಅದನ್ನು ಅಳಿಸಿದವನು.

ಮರುದಿನದಿಂದ ಅವಳು ಆ ಬೂದು ಹಲಗೆಯ ಮೇಲೆಯೇ ಮತ್ತೆ ಶುರುಮಾಡಿದಳು. ನೆನಪಿನಿಂದ ಅದೇ ಚಿತ್ರ ಎಬ್ಬಿಸಲು ನೋಡಿದಳು, ಬರಲಿಲ್ಲ. ಕಾಲೇಜಿಗೆ ಬಂದಿದ್ದ ಒಬ್ಬ ಕಲಾವಿದರು ಅಗಲವಾದ ಮರದ ಪಟ್ಟಿಯಿಂದ ಹಸಿ ಬಣ್ಣವನ್ನು ಎಳೆದು ತೋರಿಸಿದ್ದರು. ಹಾಗೆ ಎಳೆದಳು. ಇನ್ನೊಬ್ಬರು ನೀರಾದ ಬಣ್ಣವನ್ನು ಬಟ್ಟೆಗೆ ಕುಡಿಸಿದ್ದರು. ಅಪ್ಪನ ಹಳೆಯ ಪಂಚೆ ತಂದು ಅದನ್ನೂ ಮಾಡಿದಳು. ಎಳೆದದ್ದು ಮೊದಲಿನವರ ಚಿತ್ರದ ಹಾಗೆ ಕಂಡಿತು, ಕುಡಿಸಿದ್ದು ಇನ್ನೊಬ್ಬರದ್ದರ ಹಾಗೆ, ಎರಡೂ ತನ್ನದಾಗಲಿಲ್ಲ. ಎರಡು ದಿನ ಹೋದವು.

ಚನ್ನೇಶ ಪಕ್ಕದಲ್ಲೇ ಜೀಪಿನ ಬಾಗಿಲು ಉಜ್ಜುತ್ತಿದ್ದ. ಮಾತಿಲ್ಲ. ಅವಳು ತಿರುಗಿದಾಗೆಲ್ಲ ಅವನು ಬಾಗಿಲನ್ನೇ ನೋಡುತ್ತಿರುತ್ತಿದ್ದ. ಅವನ ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

"ನೋಡೋದಾದ್ರೆ ನೇರ ನೋಡ್ರಿ ಅಜ್ಜಾರೇ. ಕಳ್ಳನ ಥರ ಯಾಕೆ?"

"ನಿಮ್ಮನ್ನಲ್ಲ, ಚಿತ್ರ ನೋಡಿದ್ದು."

"ಹೆಂಗಿದೆ?"

"ಮೊದಲಿಂದು ಉಜ್ಜೋವಾಗ ಚೆಂದ ಕಂಡಿತ್ತು. ಮೇಲಿಂದ ನೋಡಿದ್ರೆ ಅದು ಕಾಣ್ತಿರಲಿಲ್ಲ. ಕೆಳಗಿನ ಒಳ್ಳೇದನ್ನೆಲ್ಲ ಮುಚ್ಚಿಟ್ಟು ಮೇಲೆ ಕೆನೆ ಹೊಡ್ದಿದ್ರಿ."

"ಏನಂದ್ರಿ?" ಎಂದಳು ಅವಳು ಸಿಟ್ಟಿನಿಂದ.

"ಎಂತ?" ಎಂದ ಅವನು ಗಾಬರಿಯಿಂದ. ಅವಳಿಗೆ ನಗು ತಡೆಯಲಾಗಲಿಲ್ಲ. ಸೊರಬದವರ ಆ 'ಎಂತ' ಅವನ ಬಾಯಲ್ಲಿ ಅಷ್ಟು ಮೆತ್ತಗಿತ್ತು.

"ಇಲ್ಲಿ ಬನ್ನಿ," ಎಂದು ಅವನು ಜೀಪಿನ ಬಾಗಿಲು ತೋರಿಸಿದ. ತಗ್ಗು ಬಿದ್ದ ಒಂದು ಕಡೆ ನೀರು ಹಾಕಿ ವಾಟರ್ ಪೇಪರೆಂಬ ಮರಳು ಕಾಗದದಲ್ಲಿ ಉಜ್ಜಿದ್ದ. ಅಲ್ಲಿ ಹಳೆಯ ಬಣ್ಣಗಳೆಲ್ಲ ಒಂದರೊಳಗೊಂದು ಉಂಗುರವಾಗಿ ಎದ್ದಿದ್ದವು. ಹೊರಗೆ ಕೆಂಪು, ಅದರೊಳಗೆ ನೀಲಿ, ಅದರೊಳಗೆ ಬಿಳಿ, ನಡುವೆ ರುಪಾಯಿಯಗಲ ತಗಡು. "ಈ ಜೀಪು ಮೂರು ಜನರ ಕೈ ದಾಟಿದೆ. ಬಾಯಲ್ಲಿ ಯಾರೂ ಹೇಳಲ್ಲ. ಉಜ್ಜಿದ್ರೆ ಅದೇ ಹೇಳ್ತದೆ."

ಗಂಗಾಶ್ರೀ ಬಾಗಿಲ ಮುಂದೆ ಮಂಡಿಯೂರಿದಳು. ಉಂಗುರದ ಸುತ್ತ ಉಂಗುರ. ಕೆರೆಯ ನೀರಿನಿಂದ ಹಕ್ಕಿಯೊಂದು ಕಾಲು ಕಿತ್ತುಕೊಂಡ ಜಾಗ. ಏಳು ತಿಂಗಳಿಂದ ಅವಳು ಬಣ್ಣದ ಮೇಲೆ ಬಣ್ಣ ಹಾಕಿ ಹುಡುಕುತ್ತಿದ್ದದ್ದು ಇಲ್ಲಿ, ಬಣ್ಣ ತೆಗೆದ ಕಡೆ, ಸುಮ್ಮನೆ ಕೂತಿತ್ತು.

"ನಿಮ್ಮ ಗಾಡಿ ಪೇಂಟ್ ಎಷ್ಟೊತ್ತಿಗೆ ಒಣಗುತ್ತೆ?"

"ಅರ್ಧ ತಾಸು."

"ನಂಗೆ ಉಜ್ಜೋಕೆ ಕಲಿಸ್ರಿ."

ಆಮೇಲಿನ ದಿನಗಳು ಗಂಗಾಶ್ರೀಯ ಲೆಕ್ಕಕ್ಕೆ ಸಿಗಲಿಲ್ಲ. ಮೊದಲು ಗುಡವಿಯ ಹಸಿರು, ಅದರ ಮೇಲೆ ಒಂದೊಂದಾಗಿ ಎಲ್ಲ. ಚನ್ನೇಶ ತನ್ನ ಕೆಲಸ ಮುಗಿಸಿ ಬಣ್ಣ ತೆಳುಮಾಡಿ ಕೊಡುತ್ತಿದ್ದ. ಹದಿನಾಲ್ಕೂ ಒಣಗಿದ ಮೇಲೆ ಅವನು ಕಂಪ್ರೆಸರ್ ಆರಿಸಿದ, ಶೆಡ್ಡಿನ ಬಾಗಿಲು ಅರ್ಧ ಎಳೆದ, ಅವಳ ಕೈಗೆ ನೆನೆದ ಪೇಪರ್ ಕೊಟ್ಟ.

"ಭಾರ ಹಾಕಬೇಡಿ. ಕೈ ಸುಮ್ನೆ ಜೊತೆಗೆ ಹೋದ್ರೆ ಸಾಕು."

"ಯಾವಾಗ ನಿಲ್ಲಿಸಬೇಕು ಅಂತ ಹೆಂಗೆ ಗೊತ್ತಾಗುತ್ತೆ?"

"ಕೇಳಿಸ್ತದೆ."

ಅವಳು ಉಜ್ಜಿದಳು. ಸ್ಸ್, ಸ್ಸ್, ಸ್ಸ್. ತುಂಬ ಹೊತ್ತಿನ ಮೇಲೆ ಆ ಸದ್ದು ಒಂದು ಎಳೆಯಷ್ಟು ಬದಲಾಯಿತು. ತಟ್ಟನೆ ಕೈ ನಿಲ್ಲಿಸಿ ಅವನ ಕಡೆ ನೋಡಿದಳು. ಅವನು ಆಗಲೇ ಅವಳ ಕಡೆ ನೋಡುತ್ತಿದ್ದ. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಕೇಳಿಸಿತ್ತು. ಬಿಳಿ ಮುಗಿದು ಬೂದು ಶುರುವಾಗಿತ್ತು.

ಅಂದಿನಿಂದ ಶೆಡ್ಡಿನಲ್ಲಿ ಮಾತು ಕಡಿಮೆಯಾಯಿತು. ಅವಳು ಮಾತುಗಾತಿ. ಸುಮ್ಮನಿರುವುದೆಂದರೆ ಮುನಿಸು ಎಂದೇ ತಿಳಿದಿದ್ದವಳು. ಇಬ್ಬರು ಒಟ್ಟಿಗೆ ಸುಮ್ಮನಿದ್ದು ಒಂದೇ ಸದ್ದಿಗೆ ಕಾಯುವುದು ಹೀಗೆ ಮೈಗೆ ಹತ್ತುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಲಗೆಯ ಆ ತುದಿಯಲ್ಲಿ ಅವನು ನೀರು ಚಿಮುಕಿಸುತ್ತಿದ್ದ, ಈ ತುದಿಯಲ್ಲಿ ಅವಳು. ನಡುವೆ ನೀರು ಹರಿದು ಬಂದು ಅವಳ ಮೊಣಕೈ ತೋಯಿಸುತ್ತಿತ್ತು.

ಅಫ್ಸರ್ ಬೇಗಂ ಒಂದು ಮಧ್ಯಾಹ್ನ ಚಹಾ ತಂದು ಬಾಗಿಲಲ್ಲೇ ನಿಂತರು. "ಒಳಗೆ ಯಾರೂ ಇಲ್ಲ ಅಂದ್ಕೊಂಡೆ. ಏನು, ಇಬ್ಬರೂ ಜಗಳ ಆಡಿದ್ರಾ?"

"ಇಲ್ಲ ಕಾಕಿ, ಕೆಲಸ ಮಾಡ್ತಿದೀವಿ," ಎಂದಳು ಗಂಗಾಶ್ರೀ.

"ಹೂಂ, ಹೂಂ. ನಂದೂ ಇವರದ್ದೂ ನಿಶ್ಚಯ ಆದಾಗ ಹಿಂಗೇ ಸುಮ್ಮನೆ ಕೆಲಸ ಮಾಡ್ತಿದ್ವಿ." ಲೋಟ ಇಟ್ಟು ನಗುತ್ತ ಹೋದರು. ಆ ದಿನ ಚನ್ನೇಶ ಎರಡು ತಾಸು ತಲೆಯೆತ್ತಲಿಲ್ಲ. ಅವಳೂ ಎತ್ತಲಿಲ್ಲ.

ಹತ್ತನೆಯ ದಿನಕ್ಕೆ ಉಳಿದದ್ದು ಎಡಗಡೆಯ ಮೇಲಿನ ಮೂಲೆ. ಗಂಗಾಶ್ರೀ ಪೇಪರನ್ನು ಅವನ ಕೈಗೆ ಕೊಟ್ಟಳು.

"ಇಲ್ಲಿ ನೀವು ಉಜ್ರಿ."

"ನಾನಾ? ಚಿತ್ರ ನಿಮ್ದು."

"ಉಜ್ರಿ ಅಂದೆ."

ಅವನು ಉಜ್ಜಿದ. ಬಿಳಿ ಹೋಯಿತು, ಬೂದು ಹೋಯಿತು. ಒಂದು ಅಂಗೈಯಗಲ ಹಳದಿ ಮೆಲ್ಲಗೆ ಎದ್ದು ಬಂತು. ಅವನ ಕೈ ನಿಂತಿತು.

"ಈಗ ನಿಲ್ಲಿಸ್ಲಾ?"

"ನಿಲ್ಲಿಸ್ರಿ."

ನೀರು ಒರೆಸಿ, ಇಬ್ಬರೂ ಹಲಗೆಯನ್ನು ಎತ್ತಿ ಹಿಂಗೋಡೆಗೆ ಇಟ್ಟರು, ಮುಖ ಹೊರಗೆ ಮಾಡಿ. ಆಗ ಚನ್ನೇಶ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ಹೇಳಿದ, "ಒಂದನೇ ತಾರೀಕಿಂದ ಸೊರಬದಲ್ಲಿ ನಂದೇ ಅಂಗಡಿ. ಬಸ್ ಸ್ಟ್ಯಾಂಡ್ ಹತ್ರ. ಹೋದ ತಿಂಗಳು ಅದರದ್ದೇ ಓಡಾಟ."

"ಓ," ಎಂದಳು ಅವಳು. "ಒಳ್ಳೇದಾಯ್ತಲ್ರೀ."

ಮರುದಿನ ಬೆಳಗ್ಗೆ ಗೂಡ್ಸ್ ಆಟೋದಲ್ಲಿ ಹಲಗೆಗೆ ಹಗ್ಗ ಬಿಗಿದವನು ಅವನೇ. ಗಂಟು ಮೂರು ಸಲ ಬಿಚ್ಚಿ ಮೂರು ಸಲ ಹಾಕಿದ. ಆಟೋ ಹೊರಟಾಗ ಕೈ ಬೀಸಲಿಲ್ಲ, ಟವೆಲ್ಲು ಮುಖಕ್ಕೆ ಕಟ್ಟಿಕೊಂಡ.

ದಾವಣಗೆರೆಯ ಪ್ರದರ್ಶನದಲ್ಲಿ ಶಕುಂತಲಮ್ಮ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಕನ್ನಡಕ ತೆಗೆದು ಹತ್ತಿರ ಹೋದರು, ಹಾಕಿಕೊಂಡು ದೂರ ಬಂದರು.

"ಇಷ್ಟು ದಿನ ನಿನ್ನ ಚಿತ್ರ ಒಂದೇ ಸಮ ಮಾತಾಡೋದು," ಎಂದರು. "ಇದು ಕೇಳಿಸಿಕೊಳ್ತಾ ಇದೆ. ಯಾರ ಹತ್ರ ಕಲಿತೆ?"

ಗಂಗಾಶ್ರೀ ಕೆಳಗೆ ಅಂಟಿಸಿದ್ದ ಚೀಟಿ ತೋರಿಸಿದಳು. 'ಎದ್ದು ಹೋದ ಮೇಲೆ. ಚಿತ್ರ: ಗಂಗಾಶ್ರೀ. ಉಜ್ಜಿದವರು: ಗಂಗಾಶ್ರೀ, ಚನ್ನೇಶ.'

ಹೊರಗಿನಿಂದ ಬಂದ ತೀರ್ಪುಗಾರರು ಆ ಚಿತ್ರವನ್ನು ಒಪ್ಪಿದರು. ವರ್ಷ ಉಳಿಯಿತು. ಅವಳು ಚಿತ್ರದ ಫೋಟೊವನ್ನೂ ಚೀಟಿಯ ಫೋಟೊವನ್ನೂ ಅವನಿಗೆ ವಾಟ್ಸಾಪಿನಲ್ಲಿ ಕಳಿಸಿದಳು. ಎರಡು ನೀಲಿ ಗೆರೆ ಬಂದವು. 'ಟೈಪಿಂಗ್' ಎಂದು ಕಾಣುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕಾಣುತ್ತಿತ್ತು. ಮೂರು ದಿನದ ಮೇಲೆ ಉತ್ತರ ಬಂತು: 'ಚೆನ್ನಾಗಿದೆ.'

ಅದೊಂದೇ. ಪಕ್ಕದಲ್ಲಿ ಒಂದು ಹೂವಿನ ಚಿತ್ರವಾದರೂ ಬೇಡವೇ?

ಊರಿಗೆ ಬಂದವಳು ಸಿಹಿ ಕೊಡುವ ನೆಪದಲ್ಲಿ ಶೌಕತ್ ಅಲಿಯವರ ಅಂಗಡಿಗೆ ಹೋದಳು. ಅವರು ಪೇಡೆ ಬಾಯಿಗೆ ಹಾಕಿಕೊಂಡು, "ಅರ್ಧ ಡಬ್ಬಿ ಸೊರಬಕ್ಕೆ ತಗೊಂಡು ಹೋಗು ಬೇಟಿ," ಎಂದರು. "ಬಸ್ ಸ್ಟ್ಯಾಂಡಿನಿಂದ ಎಡಕ್ಕೆ ನಾಲ್ಕನೇ ಅಂಗಡಿ. ಆ ಹುಡುಗ ಫೋನ್ ಮಾಡಿದಾಗೆಲ್ಲ ನನ್ನ ಆರೋಗ್ಯ ಕೇಳ್ತಾನೆ, ಆಮೇಲೆ ಸುಮ್ಮನಾಗ್ತಾನೆ. ಆ ಸುಮ್ಮನಿರೋದು ನನಗಲ್ಲ ಅಂತ ನನಗೆ ಗೊತ್ತಾಗಲ್ವಾ?"

ಸೊರಬದ ಅಂಗಡಿ ಸಣ್ಣದು. ಬೋರ್ಡು ಇನ್ನೂ ಬರೆದಿರಲಿಲ್ಲ. ಒಳಗೆ ಸ್ಕೂಟರೊಂದರ ಪಕ್ಕ ಬೆಳ್ಳನೆಯ ತಲೆಯೊಂದು ಬಗ್ಗಿತ್ತು.

"ಅಜ್ಜಾರೇ."

ತಲೆ ಎದ್ದಿತು. ಟವೆಲ್ಲು ಇಳಿಯಿತು. ಅವನ ಮುಖ ಎಷ್ಟು ಹೇಳಿತೋ, ಬಾಯಿ ಅಷ್ಟನ್ನೂ ನುಂಗಿಕೊಂಡಿತು. "ಎಂತ... ನೀವಿಲ್ಲಿ?"

ಉತ್ತರ ಕೊಡುವ ಮೊದಲೇ ಅವಳ ಕಣ್ಣು ಮೂಲೆಗೆ ಹೋಯಿತು. ಅಲ್ಲೊಂದು ಸಣ್ಣ ಹಲಗೆ, ಗೋಡೆಗೆ ಮುಖ ಮಾಡಿ ಇತ್ತು. ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಅವಳ ಹೆಸರು.

"ಇದು ಉಜ್ಜೋದಾ?"

"ಹೌದು. ಅಲ್ಲ." ಅವನು ಅಡ್ಡ ಬಂದು ನಿಂತ. "ಮುಟ್ಟಬೇಡಿ, ಅದು ಸರಿ ಬಂದಿಲ್ಲ."

"ನನ್ನದನ್ನ ನನ್ನ ಕೇಳದೆ ಮುಟ್ಟಿದವರು ನೀವು. ಪಕ್ಕಕ್ಕೆ ಸರೀರಿ."

ಅವನು ಸರಿದ. ಅವಳು ತಿರುಗಿಸಿದಳು.

ಕೆನೆ ಬಿಳಿಯ ನಡುವೆ, ಬೂದು ಉಂಗುರದೊಳಗೆ, ಒಂದು ಅಂಗೈಯಗಲ ಹಳದಿ. ಪ್ರದರ್ಶನಕ್ಕೆ ಹೋದ ಚಿತ್ರದ್ದಲ್ಲ, ಅದಕ್ಕೂ ಮೊದಲಿನದು. ಅವನು ಉಜ್ಜಿ ಕಳೆದದ್ದು.

"ನೆನಪಲ್ಲಿ ಮಾಡ್ದೆ," ಎಂದ ಚನ್ನೇಶ ಹಿಂದಿನಿಂದ. "ತೆಗೆದವನು ನಾನಲ್ವಾ, ವಾಪಸ್ ಕೊಡಬೇಕು ಅಂತ. ಒಂಬತ್ತು ಸಲ ಆಯ್ತು. ಸರಿ ಬರಲ್ಲ, ಗೋಡೆಗೆ ತಿರುಗಿಸ್ತೀನಿ, ಉಜ್ತೀನಿ, ಮತ್ತೆ ಹೊಡೀತೀನಿ. ತಪ್ಪಿದೆ ಅಲ್ದಾ?"

ಅವಳು ತುಂಬ ಹೊತ್ತು ನೋಡಿದಳು. "ತಪ್ಪಿದೆ. ನನ್ನ ಹಳದಿ ಇಷ್ಟು ಬೆಚ್ಚಗಿರಲಿಲ್ಲ."

"ನಂಗೆ ಕಂಡಿದ್ದು ಹೀಗೇ."

ಹೊರಗೆ ಬಸ್ಸೊಂದು ಹಾರ್ನ್ ಮಾಡಿತು. ಕಂಡಕ್ಟರ್ ಆನವಟ್ಟಿ, ಆನವಟ್ಟಿ ಎಂದು ಕೂಗಿದ. ಅದು ದೂರವಾದ ಮೇಲೆ ಗಂಗಾಶ್ರೀ ಅವನ ಕಡೆ ತಿರುಗದೆಯೇ ಕೇಳಿದಳು, "ಮೂರು ದಿನ ಟೈಪ್ ಮಾಡಿ 'ಚೆನ್ನಾಗಿದೆ' ಅಂತ ಒಂದೇ ಒಂದು ಕಳಿಸಿದ್ರಲ್ಲ?"

"ಬರೆದೆ, ಅಳಿಸಿದೆ. ಬರೆದೆ, ಅಳಿಸಿದೆ. ಮೇಲೆ ಉಳಿದಿದ್ದು ಅದೊಂದು."

"ಅಳಿಸಿದ್ದನ್ನ ಹೇಳ್ರಿ."

"ತುಂಬಾ ಇದೆ."

"ಹಂಗಾದ್ರೆ ಎಲ್ಲಕ್ಕಿಂತ ಕೆಳಗಿಂದು ಹೇಳ್ರಿ. ಅದೊಂದೇ ಸಾಕು."

ಅವನು ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡಿದ, ಒಣ ಟವೆಲ್ಲನ್ನು. "ಇಲ್ಲಿ ದಿನವಿಡೀ ಒಬ್ಬನೇ ಇರ್ತೀನಿ," ಎಂದ. "ಆದ್ರೂ ನೀವಿಲ್ದೆ ಎಲ್ಲಾ ಗಲಾಟೆ ಅನ್ನಿಸ್ತದೆ. ಉಜ್ಜೋವಾಗ ಎಂತದೂ ಕೇಳಿಸೋದೇ ಇಲ್ಲ ನಂಗೆ."

ಗಂಗಾಶ್ರೀ ಪೇಡೆಯ ಡಬ್ಬಿಯನ್ನು ಸ್ಕೂಟರಿನ ಸೀಟಿನ ಮೇಲಿಟ್ಟಳು. ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಡಿಯ ಮುಂದಕ್ಕೆ ಬಂದಳು. ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ, ಬೋರ್ಡು ಬರಬೇಕಾದ ಜಾಗದ ಕೆಳಗೆ, ಮುಖ ಹೊರಗೆ ಮಾಡಿ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಬಲಗಡೆ ಒಂದು ಬೆರಳಷ್ಟು ಸರಿಸಿದಳು.

"ಇದು ಮುಗಿದಿದೆ," ಎಂದಳು. "ಇನ್ನು ಮುಟ್ಟಂಗಿಲ್ಲ. ಒಣಗಲಿ."

ಚನ್ನೇಶ ಅವಳ ಪಕ್ಕ ಬಂದು ನಿಂತ. ಅವನ ತೋಳಿನ ಪುಡಿ ಅವಳ ದುಪಟ್ಟಕ್ಕೆ ಹತ್ತಿತು. ಇಬ್ಬರೂ ನೋಡಿಯೂ ಒರೆಸಲಿಲ್ಲ.

"ಅಪ್ಪ ಟ್ರ್ಯಾಕ್ಟರಿಗೆ ಬಣ್ಣ ಹೊಡೆಸಬೇಕು ಅಂತಿದಾರೆ," ಎಂದಳು ಅವಳು. "ಭಾನುವಾರ ಇಲ್ಲಿಗೇ ತರೋಕೆ ಹೇಳ್ತೀನಿ."

"ಉಸ್ತಾದ್ ಬೈತಾರೆ."

"ಉಸ್ತಾದರೇ ನನ್ನ ಕಳಿಸಿದ್ದು." ಅವಳು ಅವನ ಬೆಳ್ಳನೆಯ ಹುಬ್ಬನ್ನು ನೋಡಿ ನಕ್ಕಳು. "ಅಪ್ಪ ಬರೋ ಹೊತ್ತಿಗೆ ತಲೆ ತೊಳ್ಕೊಂಡಿರ್ರಿ. ಮಗಳು ಅಜ್ಜನ್ನ ಹುಡುಕಿದಾಳೆ ಅಂದ್ಕೋಬಾರದು."